ನಿಮಗೆ ಮಾತ್ರ ಇನ್ನೂರು ಹೆಚ್ಚು

ಮೊದಲಿಗೆ ಒಂದು ತಪ್ಪೊಪ್ಪಿಗೆ. ಇನ್ನೊಬ್ಬರ ಸಂಬಳ ಕೇಳುವುದು ಮರ್ಯಾದೆಯಲ್ಲ ಎಂದು ನಮಗೆಲ್ಲ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ. ಕೇಳುವುದೇ ಮರ್ಯಾದೆಯಲ್ಲ ಎಂದಮೇಲೆ, ಕೇಳಿದ್ದನ್ನು ನಾಲ್ಕು ಜನರ ಮುಂದೆ ಹೇಳುವುದು ಇನ್ನೇನಾಗಬೇಕೋ. ಅದೂ ಆಸ್ಪತ್ರೆಯ ಒಳಗಿನ ವಿಷಯ, ಥರ್ಮಾಮೀಟರನ್ನು ಯಾವ ತುದಿಯಿಂದ ಹಿಡಿಯಬೇಕೆಂದೂ ತಿಳಿಯದ ಕೈ ಬರೆಯುತ್ತಿರುವುದು. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಸುಮ್ಮನಿದ್ದುಬಿಡೋಣ ಎಂದರೆ, ಎಲ್ಲರೂ ಸುಮ್ಮನಿದ್ದದ್ದರಿಂದಲೇ ಇಷ್ಟೆಲ್ಲ ಆದದ್ದು.

ಆ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಹನ್ನೆರಡು ಹಾಸಿಗೆ, ಆರು ಕಿಟಕಿ, ನಾಲ್ಕು ಜನ ನರ್ಸುಗಳು. ನಾಲ್ವರಲ್ಲಿ ಗಂಡಸು ಒಬ್ಬನೇ. ರೋಗಿಗಳು, ಡಾಕ್ಟರು, ಕಾವಲುಗಾರ, ಕೊನೆಗೆ ಅವನ ಸ್ವಂತ ಅತ್ತೆಯೂ ಅವನನ್ನು ಬ್ರದರ್ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಅವನು ಕೆಲಸಕ್ಕೆ ಸೇರಿದ ದಿನ ಮ್ಯಾನೇಜರು ಅವನನ್ನು ಕೋಣೆಗೆ ಕರೆದು, ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಿದ್ದರು. ಕಿಟಕಿಯ ಆಚೆ ನೀರಿನ ತೊಟ್ಟಿ ಬಿಟ್ಟರೆ ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿ ಹೇಳಿದರು:

"ನೋಡಪ್ಪಾ, ನಿನ್ನ ಮುಖ ನೋಡಿ ಹೇಳ್ತಿದ್ದೀನಿ. ನಿನಗೆ ಮಾತ್ರ ಇನ್ನೂರು ಹೆಚ್ಚು ಹಾಕಿದ್ದೀನಿ. ಯಾರಿಗೂ ಹೇಳ್ಬೇಡ. ಹೆಂಡ್ತಿಗೂ ಬೇಡ. ಗೊತ್ತಾದ್ರೆ ಪಾಪ, ಉಳಿದವ್ರು ನೊಂದ್ಕೋತಾರೆ."

ಅಂದಿನಿಂದ ಆ ಇನ್ನೂರು ಅವನ ಎದೆಯ ಜೇಬಿನಲ್ಲಿ ಬೆಚ್ಚಗಿನ ಕೋಳಿಮರಿಯಂತೆ ಕೂತುಬಿಟ್ಟಿತು. ಯಾರಾದರೂ ಹತ್ತಿರ ಬಂದರೆ ಅದು ಕಿಚಿಕ್ ಅಂದುಬಿಟ್ಟೀತೆಂದು ಅವನಿಗೆ ಭಯ. ಬೇರೆಯವನಾಗಿದ್ದರೆ ಖುಷಿಯಾಗಿರುತ್ತಿದ್ದನೋ ಏನೋ. ನಮ್ಮ ಬ್ರದರಿಗೆ ನಾಚಿಕೆಯಾಯಿತು. ಹಿರಿಯ ಸಿಸ್ಟರ್ ಅವನಿಗಿಂತ ಏಳು ವರ್ಷ ಮೊದಲು ಸೇರಿದವರು. ಅವರ ಚಪ್ಪಲಿಯ ಪಟ್ಟಿಗೆ ಹೊಲಿಗೆ ಬಿದ್ದದ್ದು ಕಂಡರೆ, ಆ ಹೊಲಿಗೆ ನನ್ನ ಇನ್ನೂರರಿಂದ ಬಿದ್ದದ್ದು ಎಂದುಕೊಳ್ಳುತ್ತಿದ್ದ. ಕನ್ನಡಕದ ಸಿಸ್ಟರ್ ತನ್ನ ಕನ್ನಡಕದ ಮುರಿದ ಕಡ್ಡಿಗೆ ಪ್ಲಾಸ್ಟರ್ ಸುತ್ತಿಕೊಂಡು ಬಂದ ದಿನ ಅವನಿಗೆ ಊಟ ಸೇರಲಿಲ್ಲ. ಪ್ರಾಯಶ್ಚಿತ್ತಕ್ಕೆ ಅವನು ಕಂಡುಕೊಂಡ ದಾರಿ ಒಂದೇ. ಹಿರಿಯ ಸಿಸ್ಟರಿಗೆ ಮಂಡಿನೋವೇ, ನಾನಿದ್ದೀನಿ ಬಿಡಿ. ಕನ್ನಡಕದ ಸಿಸ್ಟರಿನ ಮಗನಿಗೆ ಜ್ವರವೇ, ನಾನಿದ್ದೀನಿ ಬಿಡಿ. ಹೀಗೆ ತನ್ನ ಪಾಳಿಯ ಜೊತೆಗೆ ಅವರ ಪಾಳಿಯನ್ನೂ ಮುಗಿಸಿ, ಅರ್ಧ ನಿದ್ದೆಯಲ್ಲಿ ತೇಲುತ್ತ ಮನೆಗೆ ಹೋಗುವುದು ವಾರಕ್ಕೆ ಮೂರು ದಿನವಾದರೂ ಆಗುತ್ತಿತ್ತು. ರಸ್ತೆಯ ದೀಪದ ಕಂಬಗಳು ಅವನಿಗೆ ಡ್ರಿಪ್ ಹಾಕಿದ ಕಂಬಗಳಂತೆ ಕಾಣುತ್ತಿದ್ದವು. ಒಂದೊಂದರ ಬಳಿಯೂ ನಿಂತು ಹನಿ ಎಣಿಸಿ ಮುಂದೆ ಹೋಗುತ್ತಿದ್ದನಂತೆ.

ವಿಚಿತ್ರವೆಂದರೆ ಆ ವಾರ್ಡಿನಲ್ಲಿ ಉಳಿದವರೂ ಹಾಗೇ. ಹಿರಿಯ ಸಿಸ್ಟರ್ ಎಲ್ಲರ ಚಹಾದ ದುಡ್ಡು ತಾವೇ ಕೊಡುತ್ತಿದ್ದರು. ಕನ್ನಡಕದ ಸಿಸ್ಟರ್ ಯಾರೂ ಕೇಳದೆಯೇ ಎಲ್ಲರ ಬಟ್ಟಲು, ಕತ್ತರಿ, ಚಿಮಟಗಳನ್ನು ಕುದಿಸಿಡುತ್ತಿದ್ದಳು. ಬಾಗಿಲ ಬಳಿ ಇಬ್ಬರು ಎದುರಾದರೆ ನೀವು ಮೊದಲು, ಅಯ್ಯೋ ನೀವು ಮೊದಲು ಎಂದು ನಿಂತೇಬಿಡುವರು. ನಡುವೆ ಸಿಕ್ಕಿಬಿದ್ದ ರೋಗಿಯ ಗಾಲಿಕುರ್ಚಿ ಅಲ್ಲೇ ಬಾಕಿ. ನೋಡಲು ಬಂದವರು ಇಂಥ ಪ್ರೀತಿ ಯಾವ ವಾರ್ಡಿನಲ್ಲೂ ಇಲ್ಲ ಎಂದು ಹೊಗಳಿ ಹೋಗುತ್ತಿದ್ದರು. ಕದ್ದದ್ದನ್ನು ಬಚ್ಚಿಟ್ಟುಕೊಂಡವರ ವಿನಯ ಎಷ್ಟು ಚೆನ್ನಾಗಿರುತ್ತದೆಂದು ಅವರಿಗೇನು ಗೊತ್ತು.

ಮನೆಯಲ್ಲಿ ಮಾತ್ರ ಪ್ರೀತಿ ಕಡಿಮೆಯಾಗುತ್ತ ಬಂದಿತ್ತು. ಬ್ರದರ್ ತುತ್ತು ಕೈಯಲ್ಲಿ ಹಿಡಿದೇ ನಿದ್ದೆ ಹೋಗುತ್ತಿದ್ದ. ಮಗಳು ಶಾಲೆಯಲ್ಲಿ 'ನಮ್ಮ ಮನೆ' ಎಂಬ ಚಿತ್ರ ಬರೆದಳು. ಅಮ್ಮ ನಿಂತಿದ್ದಳು, ಮಗಳು ನಿಂತಿದ್ದಳು, ಹೂಕುಂಡ ನಿಂತಿತ್ತು, ಅಪ್ಪ ಅಡ್ಡಡ್ಡ ಮಲಗಿದ್ದ. ಟೀಚರ್ ಕರೆಸಿ, ಮನೆಯವರಿಗೆ ಏನು ಕಾಯಿಲೆ ಎಂದು ಕನಿಕರದಿಂದ ವಿಚಾರಿಸಿದ್ದಕ್ಕೆ ಹೆಂಡತಿ ಸಿಟ್ಟು ನುಂಗಿಕೊಂಡು ಬಂದಳು.

ಅವಳ ತಮ್ಮನಿಗೆ ಹಾಸಿಗೆ ಅಂಗಡಿಯಿತ್ತು. ಒಂದು ಭಾನುವಾರ ಅವನು ಭಾವನನ್ನು ಅಂಗಡಿಗೆ ಕರೆದೊಯ್ದು, ಗಾಜಿನ ಹಿಂದೆ ಇಟ್ಟಿದ್ದ ಹೊಸ ಹಾಸಿಗೆಯ ಮೇಲೆ ಸುಮ್ಮನೆ ಒಂದು ನಿಮಿಷ ಕೂತು ನೋಡಿ ಎಂದ. ಬ್ರದರ್ ಕೂತ, ಆಮೇಲೆ ನಾಲ್ಕು ಗಂಟೆ ಏಳಲಿಲ್ಲ. ಬಿಳಿ ಮೋಡವೊಂದರ ಮೇಲೆ ಹನ್ನೆರಡು ಹಾಸಿಗೆಗಳ ಜೊತೆ ತೇಲಿಹೋಗುವ ಕನಸು ಅವನಿಗೆ. ರಸ್ತೆಯಲ್ಲಿ ಹೋಗುವವರು ಗಾಜಿಗೆ ಮೂಗು ಒತ್ತಿ ಆ ಮುಖದ ನೆಮ್ಮದಿ ನೋಡಿದರು. ಮೂರು ಹಾಸಿಗೆ ಅಲ್ಲೇ ಮಾರಾಟವಾದವು.

"ಭಾವ, ತಿಂಗಳಿಗೆ ಹನ್ನೆರಡು ಸಾವಿರ ಕೊಡ್ತೀನಿ," ಎಂದ ಭಾವಮೈದುನ, ಅವನು ಕಣ್ಣು ಬಿಟ್ಟ ಕೂಡಲೇ. "ನೀವು ಏನೂ ಮಾಡ್ಬೇಡಿ. ಈಗ ಮಾಡಿದ್ರಲ್ಲ, ಅಷ್ಟೇ."

ಹೆಂಡತಿ ಅದನ್ನೇ ಹಿಡಿದುಕೊಂಡಳು. ಆಸ್ಪತ್ರೆಯಲ್ಲಿ ಸಂಬಳ ಹೆಚ್ಚು ಮಾಡಿ ಅಂತ ಕೇಳಿ, ಇಲ್ಲವೇ ಈ ತಿಂಗಳ ಕೊನೆಗೆ ಅಲ್ಲಿ ಬಿಟ್ಟು ಅಂಗಡಿಗೆ ಹೋಗಿ ಎಂದಳು. ಬ್ರದರ್ ಎರಡೂ ಆಗದವನಂತೆ ಕೂತ. ನರ್ಸಿನ ಕೆಲಸ ಬಿಡಲು ಅವನಿಗೆ ಮನಸ್ಸಿಲ್ಲ. ಮುರಿದ ಕಾಲಿನವನೊಬ್ಬ ಗೋಡೆ ಹಿಡಿದು ಮೊದಲ ಹೆಜ್ಜೆ ಇಡುವಾಗ ಪಕ್ಕದಲ್ಲಿ ತೋಳು ಚಾಚಿ ನಿಲ್ಲುವುದರಲ್ಲಿ ಏನು ಸುಖವಿದೆ ಎಂದು ಹೇಳಲು ಅವನಿಗೆ ಮಾತು ಬಾರದು. ಇತ್ತ ಹೆಚ್ಚು ಕೊಡಿ ಎಂದು ಕೇಳಲು ಬಾಯಿ ಬಾರದು. ಈಗಾಗಲೇ ಇನ್ನೂರು ಹೆಚ್ಚು ತಿನ್ನುತ್ತಿರುವವನು ಯಾವ ಮುಖ ಹೊತ್ತು ಕೇಳಬೇಕು?

ಅಷ್ಟರಲ್ಲಿ ಹೊಸ ಸಿಸ್ಟರ್ ಒಂದು ಪ್ರಶ್ನೆ ಕೇಳಿಬಿಟ್ಟಳು. ಅವಳು ಸೇರಿ ನಾಲ್ಕು ತಿಂಗಳಾಗಿತ್ತು. ಅವಳೂ ಬ್ರದರೂ ಕೂತು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಮಡಿಸುತ್ತಿದ್ದಾಗ, ಗಂಟೆ ಎಷ್ಟು ಎಂದು ಕೇಳುವ ಹಾಗೆ ಕೇಳಿದಳು:

"ಅಣ್ಣಾ, ಹನ್ನೊಂದು ವರ್ಷ ಆದ್ಮೇಲೆ ಇಲ್ಲಿ ಸಂಬಳ ಎಷ್ಟಾಗುತ್ತೆ?"

ಮಡಿಸಿಟ್ಟ ಗಾಜ್ ಎಲ್ಲ ನೆಲಕ್ಕೆ ಹೋಯಿತು. ಬ್ರದರಿನ ಕಿವಿ ಕೆಂಪಾಯಿತು, ಕೈ ಎದೆಯ ಜೇಬಿನ ಮೇಲೆ ಹೋಯಿತು. ಅದನ್ನೆಲ್ಲ ಕೇಳಬಾರದಮ್ಮ, ದೇವರು ಕೊಟ್ಟಿದ್ದು ಸಾಕಷ್ಟಿದೆ ಎಂದು ಗಾಜ್ ಹೆಕ್ಕುವ ನೆಪದಲ್ಲಿ ಮೇಜಿನ ಕೆಳಗೆ ಸೇರಿಕೊಂಡ.

ಸಾಕಷ್ಟಿದೆ ಎಂದ ನರ್ಸನ್ನು ಹೊಸ ಸಿಸ್ಟರ್ ಹುಟ್ಟಿದಾರಭ್ಯ ಕಂಡಿರಲಿಲ್ಲ. ಅವಳು ಕನ್ನಡಕದ ಸಿಸ್ಟರಿಗೆ ಹೇಳಿದಳು. ಹೇಳಲು ಹೆದರುತ್ತಾರೆ ಎಂದಮೇಲೆ ದೊಡ್ಡದೇ ಇರಬೇಕು ಎಂದು ಅವರಿಬ್ಬರೂ ತೀರ್ಮಾನಿಸಿದರು. ಮಧ್ಯಾಹ್ನದ ಹೊತ್ತಿಗೆ ರಕ್ತ ಪರೀಕ್ಷೆಯವನು ಆ ಸಂಬಳವನ್ನು ಹದಿನೆಂಟು ಸಾವಿರಕ್ಕೆ ಏರಿಸಿದ. ಸಂಜೆ ಎಕ್ಸ್-ರೇ ಕೋಣೆಯಿಂದ ಹೊರಬರುವಾಗ ಅದು ಇಪ್ಪತ್ತೈದಾಗಿತ್ತು. ಮಾರನೆಯ ದಿನ ಕಾವಲುಗಾರ ಸ್ಟೂಲಿನಿಂದ ಎದ್ದು ನಿಂತು ನಮಸ್ಕಾರ ಹೊಡೆದ. ಹನ್ನೊಂದು ವರ್ಷದಲ್ಲಿ ಅವನು ಎದ್ದದ್ದನ್ನು ಕಂಡವರಿಲ್ಲ. ಅವನಿಗೆ ಅಷ್ಟು ಉದ್ದದ ಕಾಲಿದೆ ಎಂಬುದೇ ಬ್ರದರಿಗೆ ಹೊಸ ಸುದ್ದಿ.

ಇಷ್ಟರಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಆರನೇ ಹಾಸಿಗೆಯಲ್ಲಿ ಬಲಗಾಲು ಮುರಿದುಕೊಂಡು ಮಲಗಿದ್ದವರು ಬ್ರದರಿನ ಮನೆಯ ಮಾಲೀಕರೇ. ಸ್ವಂತ ಮನೆಯ ಮೆಟ್ಟಿಲಿನ ಬಲ್ಬು ಹಾಕಿಸದೆ ಉಳಿತಾಯ ಮಾಡಿ, ಅದೇ ಮೆಟ್ಟಿಲಲ್ಲಿ ಜಾರಿ ಬಂದವರು. ಮಲಗಿದವರ ಕಿವಿ ಚುರುಕು. ಇಪ್ಪತ್ತೈದು ಸಾವಿರದ ಸುದ್ದಿ ಕೇಳಿ, ತಮ್ಮನ್ನು ನೋಡಲು ಬಂದ ಹೆಂಡತಿಗೆ ಬಾಡಿಗೆ ಏರಿಸಲು ಹೇಳಿ ಕಳಿಸಿದರು. ಆ ಅಮ್ಮ ನೇರ ಬ್ರದರಿನ ಮನೆಗೆ ಬಂದು, ನಿಮ್ಮವರಿಗೆ ಇಷ್ಟೊಂದು ಬರುತ್ತದಂತಲ್ಲ, ನಮಗೇನಮ್ಮ ಗೊತ್ತು, ನೀನು ಹರಿದ ಪರದೆ ಹೊಲಿಯುವುದು ನೋಡಿ ಬಡವರೆಂದುಕೊಂಡಿದ್ದೆವು ಎಂದು ಮನಸಾರೆ ಕ್ಷಮೆ ಕೇಳಿ, ಬಾಡಿಗೆ ಎರಡು ಸಾವಿರ ಹೆಚ್ಚು ಎಂದು ಹೇಳಿ ಹೋದರು.

ಗಂಡ ತಿಂಗಳಿಗೆ ತಂದುಕೊಡುತ್ತಿದ್ದದ್ದು ಒಂಬತ್ತು ಸಾವಿರದ ನಾನ್ನೂರು. ಹೆಂಡತಿ ಮೊದಲ ಬಾರಿಗೆ ಲೆಕ್ಕ ಹಾಕಿದಳು. ಅವಳು ಲೆಕ್ಕ ಹಾಕುತ್ತಿರುವಾಗಲೇ ತಮ್ಮ ಬಂದ. ಎಲ್ಲ ಕೇಳಿ, ಕುರ್ಚಿಯನ್ನು ಭಾವನ ಹತ್ತಿರ ಎಳೆದುಕೊಂಡ.

"ಭಾವ, ಮುಚ್ಚಿಡ್ಬೇಡಿ. ಇನ್ನೊಂದು ಮನೆ ಏನಾದ್ರೂ ಇದೆಯಾ?"

"ಇದ್ದಿದ್ರೆ ಅಲ್ಲಾದ್ರೂ ಹೋಗಿ ಮಲಗ್ತಿದ್ನಲ್ಲಪ್ಪ," ಎಂದ ಬ್ರದರ್ ತೂಕಡಿಸುತ್ತ.

ಇದಕ್ಕಿಂತ ಕೆಟ್ಟ ಉತ್ತರವನ್ನು ಹುಡುಕಿದರೂ ಸಿಗುತ್ತಿರಲಿಲ್ಲ.  ಹೆಂಡತಿ ತಟ್ಟೆ ಎತ್ತಿಟ್ಟು ಬಂದು ಎದುರು ನಿಂತಳು.

"ರೀ, ನಾಳೆ ಸಂಬಳದ ದಿನ. ಹನ್ನೊಂದು ವರ್ಷದಲ್ಲಿ ನಾನು ನಿಮ್ಮ ಸಂಬಳದ ಚೀಟಿ ನೋಡಿಲ್ಲ. ನಾಳೆ ನೋಡ್ಬೇಕು. ತರ್ಲಿಲ್ಲ ಅಂದ್ರೆ ನಾಡಿದ್ದು ರಾಜೀನಾಮೆ ಬರೆದು ಕೊಟ್ಟು ನನ್ನ ತಮ್ಮನ ಅಂಗಡೀಲಿ ಮಲ್ಕೊಳ್ಳಿ. ನನ್ನ ಕಣ್ಣ ಮುಂದೆ ಇರ್ತೀರ."

ಆ ರಾತ್ರಿ ಪಾಳಿ ಕನ್ನಡಕದ ಸಿಸ್ಟರಿನದು, ಮಾಡಿದವನು ಬ್ರದರ್. ಬೆಳಗಿನ ಪಾಳಿ ಅವನದೇ. ಹತ್ತು ಗಂಟೆಗೆ ಆಫೀಸಿನಿಂದ ಅಂಟಿಸಿದ ಕಂದು ಲಕೋಟೆ ಬಂತು. ಪ್ರತಿ ತಿಂಗಳೂ ಅವನು ಔಷಧದ ಕಪಾಟಿನ ಹಿಂದೆ ನಿಂತು ಚೀಟಿ ಓದಿ, ನುಣ್ಣಗೆ ಹರಿದು ಕಸಕ್ಕೆ ಹಾಕುವವನು. ಇಂದು ಹರಿಯುವಂತಿಲ್ಲ. ಮ್ಯಾನೇಜರಿಗೆ ಕೊಟ್ಟ ಮಾತು ಒಂದು ಕಡೆ, ಹೆಂಡತಿಯ ಮುಖ ಒಂದು ಕಡೆ. ಕೊನೆಗೆ, ಮರೆತು ಹೋಗದಿರಲೆಂದು ಆ ಚೀಟಿಯನ್ನು ರೋಗಿಗಳ ಪಟ್ಟಿ ಸಿಕ್ಕಿಸಿದ ರಟ್ಟಿನ ಹಲಗೆಯಲ್ಲೇ, ಆರನೇ ಹಾಸಿಗೆಯ ಕಾಗದದ ಅಡಿಯಲ್ಲಿ ಸಿಕ್ಕಿಸಿದ. ಅಲ್ಲಿಟ್ಟದ್ದನ್ನು ಅವನು ಎಂದೂ ಕಳೆದವನಲ್ಲ.

ಮಧ್ಯಾಹ್ನ ಎರಡಕ್ಕೆ ಪಾಳಿ ಬದಲು. ಹೋಗುವ ನರ್ಸು ಒಂದೊಂದು ಹಾಸಿಗೆಯ ಬಳಿಯೂ ನಿಂತು ರೋಗಿಯ ಸ್ಥಿತಿ ಓದಬೇಕು, ಬರುವವರು ಬರೆದುಕೊಳ್ಳಬೇಕು. ಕೇಳಿದ್ದು ತಪ್ಪಬಾರದೆಂದು ಹಿರಿಯ ಸಿಸ್ಟರ್ ಒಂದು ನಿಯಮ ಮಾಡಿದ್ದರು. ಓದಿದ ಕೊನೆಯ ಅಂಕಿಯನ್ನು ಅವರೇ ಗಟ್ಟಿಯಾಗಿ ತಿರುಗಿ ಹೇಳುವುದು. ಹದಿನೆಂಟು ವರ್ಷದಲ್ಲಿ ಆ ನಿಯಮ ಒಂದು ದಿನವೂ ತಪ್ಪಿರಲಿಲ್ಲ.

ಆ ಮಧ್ಯಾಹ್ನ ಆರು ಕಿಟಕಿಗಳ ಬಿಳಿ ಪರದೆಗಳೂ ಉಸಿರಾಡುವಂತೆ ಉಬ್ಬಿ ಇಳಿಯುತ್ತಿದ್ದವು. ಫ್ಯಾನು ಜೋಗುಳದ ಲಯದಲ್ಲಿ ಕಿರುಗುಟ್ಟುತ್ತಿತ್ತು. ಬ್ರದರಿನ ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ. ಐದು ಹಾಸಿಗೆ ಓದಿ ಮುಗಿಸಿದ. ಆರನೆಯದರ ಬಳಿ ನಿಂತ. ಅಲ್ಲಿ ಗಾಳಿಗೆ ಮೇಲಿನ ಕಾಗದ ಮಗುಚಿಕೊಂಡಿತು. ಅವನ ದನಿ ಮಾತ್ರ ನಿಲ್ಲಲಿಲ್ಲ.

"ಆರನೇ ಹಾಸಿಗೆ. ಬಲಗಾಲಿನ ಮೂಳೆ ಮುರಿತ. ಆಪರೇಷನ್ ಆಗಿ ನಾಲ್ಕನೇ ದಿನ. ಜ್ವರ ಇಲ್ಲ. ನಾಡಿ ಎಪ್ಪತ್ತೆಂಟು. ಮೂಲ ಸಂಬಳ ಏಳು ಸಾವಿರದ ಎಂಟುನೂರು. ಮನೆ ಬಾಡಿಗೆ ಭತ್ಯೆ ಸಾವಿರದ ಎಂಟುನೂರು. ಸಮವಸ್ತ್ರ ಒಗೆಯೋದಕ್ಕೆ ಕಡಿತ ಇನ್ನೂರು. ಕೈಗೆ ಒಂಬತ್ತು ಸಾವಿರದ ನಾನ್ನೂರು."

"ಕೈಗೆ ಒಂಬತ್ತು ಸಾವಿರದ ನಾನ್ನೂರು," ಎಂದು ಹಿರಿಯ ಸಿಸ್ಟರ್ ತಿರುಗಿ ಹೇಳಿದರು. ಬರೆದುಕೊಂಡರು ಕೂಡ. ಆಮೇಲೆ ಅವರ ಪೆನ್ನು ನಿಂತಿತು.

 ಮೊದಲು ಮಾತಾಡಿದವರು ಆರನೇ ಹಾಸಿಗೆಯವರೇ. ಮೇಲಕ್ಕೆ ಕಟ್ಟಿದ ಕಾಲಿನ ಹಿಂದಿನಿಂದ ಮುಖ ಹೊರಗೆ ಹಾಕಿ, "ಅಷ್ಟೇನಾ?" ಎಂದರು. ಆ ಒಂದು ಮಾತಿನಲ್ಲಿ ಎರಡು ಸಾವಿರದ ಬಾಡಿಗೆ ಏರಿಕೆ ಬಿದ್ದು ಸತ್ತಿತು.

ಬ್ರದರಿಗೆ ಎಚ್ಚರವಾಯಿತು. ಹಲಗೆ ನೋಡಿದ, ಎದೆಯ ಜೇಬು ಮುಟ್ಟಿ ನೋಡಿಕೊಂಡ. ಕೋಳಿಮರಿ ಹಾರಿಹೋಗಿತ್ತು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಎಂದು, ತಲೆ ತಗ್ಗಿಸಿ ಎಲ್ಲ ಹೇಳಿಬಿಟ್ಟ. ಹನ್ನೊಂದು ವರ್ಷದಿಂದ ನಿಮ್ಮೆಲ್ಲರಿಗಿಂತ ಇನ್ನೂರು ಹೆಚ್ಚು ತಿನ್ನುತ್ತಿದ್ದೇನೆ, ಮ್ಯಾನೇಜರು ಯಾರಿಗೂ ಹೇಳಬೇಡ ಅಂದಿದ್ದರು, ನನ್ನನ್ನು ಕ್ಷಮಿಸಿ ಎಂದ.

ಕನ್ನಡಕದ ಸಿಸ್ಟರ್ ಸ್ಟೂಲಿನ ಮೇಲೆ ಕೂತುಬಿಟ್ಟಳು. ಏಳು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಅವಳು ವಾರ್ಡಿನಲ್ಲಿ ಕೂತದ್ದು ಅದೇ ಮೊದಲು.

"ಬ್ರದರ್, ನಂಗೆ ಒಂಬತ್ತು ಸಾವಿರದ ಎಂಟುನೂರು," ಎಂದಳು. "ನಂಗೆ ಮಾತ್ರ ಇನ್ನೂರು ಹೆಚ್ಚು ಅಂತ ಅವ್ರು ಹೇಳಿದ್ರು. ಕಿಟಕಿ ಮುಚ್ಚಿ."

"ಒಂಬತ್ತು ಸಾವಿರದ ಎಂಟುನೂರು," ಎಂದು ಹಿರಿಯ ಸಿಸ್ಟರ್ ತಿರುಗಿ ಹೇಳಿದರು. ಅಭ್ಯಾಸ. ಆಮೇಲೆ ಅದೇ ದನಿಯಲ್ಲಿ, ಯಾರದೋ ಜ್ವರ ಓದುವವರಂತೆ ತಮ್ಮದನ್ನೂ ಓದಿದರು. "ಹದಿನೆಂಟು ವರ್ಷ. ಹತ್ತು ಸಾವಿರದ ನೂರು. ನನಗೂ ಕಿಟಕಿ ಮುಚ್ಚಿದ್ರು." ತಮ್ಮ ಅಂಕಿಯನ್ನು ತಿರುಗಿ ಹೇಳಲು ಯಾರೂ ಇಲ್ಲದ್ದರಿಂದ ಅದನ್ನೂ ತಾವೇ ಹೇಳಿಕೊಂಡರು.

ಉಳಿದವಳು ಹೊಸ ಸಿಸ್ಟರ್. ಅವಳು ಪರದೆಯ ಹಿಂದೆ ಸರಿಯಲು ನೋಡಿ, ಪರದೆ ಗಾಳಿಗೆ ಹಾರಿದ್ದರಿಂದ ಸಿಕ್ಕಿಬಿದ್ದಳು.

"ಹನ್ನೊಂದು ಸಾವಿರ," ಎಂದು ಅತ್ತೇಬಿಟ್ಟಳು. "ನಂಗೂ ಇನ್ನೂರು ಹೆಚ್ಚು ಅಂದ್ರು. ನಿಮ್ಗೆಲ್ಲ ಹನ್ನೊಂದಕ್ಕಿಂತ ಎಷ್ಟೋ ಜಾಸ್ತಿ ಇರುತ್ತೆ, ಇನ್ನೂರಿಂದ ಏನಾಗುತ್ತೆ ಅಂತ ನಾನು…"

ಮೂವರೂ ಅವಳನ್ನು ಸಮಾಧಾನ ಮಾಡಿದರು. ಬ್ರದರಿಗೆ ಬಂದದ್ದು ಸಿಟ್ಟಲ್ಲ. ಕನ್ನಡಕದ ಸಿಸ್ಟರಿನ ಎಲ್ಲ ರಾತ್ರಿ ಪಾಳಿಗಳೂ ಒಂದೊಂದಾಗಿ ಕಣ್ಣ ಮುಂದೆ ತೇಲಿ ಹೋದವು. ಅವಳಿಗಿಂತ ನಾನ್ನೂರು ಕಡಿಮೆ ತೆಗೆದುಕೊಂಡು, ಅವಳ ಬದಲು ಎದ್ದಿದ್ದವನು ತಾನು. ಅವಳಿಗೂ ಅದೇ ಹೊಳೆದಿರಬೇಕು; ಕನ್ನಡಕ ತೆಗೆದು ಒರೆಸಲು ಶುರುಮಾಡಿದವಳು ತುಂಬ ಹೊತ್ತು ಒರೆಸುತ್ತಲೇ ಇದ್ದಳು. ಏಳನೇ ಹಾಸಿಗೆಯಿಂದ ಮುಂದಿನ ಆರು ಜನ ರೋಗಿಗಳು ತಮ್ಮ ನಾಡಿ ಯಾವಾಗ ಓದುತ್ತೀರಿ ಎಂದು ಕೇಳುವ ಧೈರ್ಯ ಮಾಡಲಿಲ್ಲ.

ಮನೆಯಲ್ಲಿ ಹೆಂಡತಿ ಚೀಟಿಯನ್ನು ಮೂರು ಸಲ ಓದಿದಳು. ಬೆಳಕಿಗೆ ಹಿಡಿದು ಹಿಂಬದಿಯನ್ನೂ ನೋಡಿದಳು. ಅವನು ತರುತ್ತಿದ್ದದ್ದು ಒಂದು ಕಾಸೂ ಕಡಿಮೆಯಿಲ್ಲದೆ ಅಲ್ಲಿತ್ತು.

"ಇದನ್ನ ತೋರ್ಸೋದಕ್ಕೆ ಹನ್ನೊಂದು ವರ್ಷ ಬೇಕಾಯ್ತಾ?"

"ನೀನು ನೊಂದ್ಕೋತೀಯ ಅಂತ ಅವ್ರು…"

"ಯಾವ್ದಕ್ಕೆ ನೊಂದ್ಕೋಬೇಕು ಅಂತ ನಾನು ನೋಡ್ಕೋತೀನಿ," ಎಂದಳು. ಚೀಟಿಯನ್ನು ಮಡಿಸಿ ತನ್ನ ಪೆಟ್ಟಿಗೆಯಲ್ಲಿಟ್ಟಳು. ತಮ್ಮನಿಗೆ ಫೋನು ಮಾಡಿ, ತಿಂಗಳ ಕೊನೆಯವರೆಗೆ ಹಾಸಿಗೆ ಖಾಲಿ ಇರಲಿ, ನಾಳೆ ಇವರು ಬಾಯಿ ಬಿಡುತ್ತಾರೋ ನೋಡೋಣ ಎಂದಳು.

ಮರುದಿನ ನಾಲ್ವರೂ ಮ್ಯಾನೇಜರ ಕೋಣೆಗೆ ಹೋದರು. ಬಾಗಿಲ ಬಳಿ ಯಾರೂ ನೀವು ಮೊದಲು ಎನ್ನಲಿಲ್ಲ. ನಾಲ್ವರೂ ಒಟ್ಟಿಗೆ ನುಗ್ಗಿದರು. ಮ್ಯಾನೇಜರು ಅವರನ್ನು ನೋಡಿದವರೇ ಎದ್ದು ಕಿಟಕಿ ಮುಚ್ಚಿದರು. ಅವರದೂ ಅಭ್ಯಾಸ.  ತನ್ನ ಮಾತಿನಲ್ಲಿ ಕೇಳಲು ಆಗುವುದಿಲ್ಲವೆಂದು ಗೊತ್ತಾಗಿ, ಬ್ರದರ್ ಹಲಗೆ ಎತ್ತಿ ಹಿಡಿದು, ಪಾಳಿ ಒಪ್ಪಿಸುವ ದನಿಯಲ್ಲೇ ನಾಲ್ಕು ಸಂಬಳ ಓದಿದ. ಕೊನೆಗೆ ಕಣ್ಣೆತ್ತಿ ಕೇಳಿದ:

"ನಮಗೆ ಇನ್ನೂರು ಹೆಚ್ಚು ಅಂದ್ರಲ್ಲ ಸರ್. ಯಾರಿಗಿಂತ?"

"ಯಾರಿಗಿಂತ ಅಂದ್ರೆ… ಎಲ್ರಿಗಿಂತ."

"ಎಲ್ಲರಿಗೂ ಎಲ್ಲರಿಗಿಂತ ಇನ್ನೂರು ಹೆಚ್ಚು," ಎಂದು ಹಿರಿಯ ಸಿಸ್ಟರ್ ತಿರುಗಿ ಹೇಳಿದರು.

ಮ್ಯಾನೇಜರು ಹೌದೆಂದು ತಲೆಯಾಡಿಸಿದರು. ಅರ್ಧಕ್ಕೆ ತಲೆ ನಿಂತಿತು. ಅವರು ಮೇಜಿನ ಮೇಲೆ ಬೆರಳಿನಿಂದ ಏನೋ ಗೀಚಿ ಲೆಕ್ಕ ಮಾಡಿದರು, ಅಳಿಸಿದರು, ಮತ್ತೆ ಮಾಡಿದರು. ಪರಿಶೀಲಿಸುತ್ತೇನೆ, ಹೊರಗೆ ಮಾತಾಡಬೇಡಿ ಎಂದು ಕಳಿಸಿದರು.

ಮಧ್ಯಾಹ್ನ ನೋಟೀಸು ಬೋರ್ಡಿಗೆ ಒಂದು ಕಾಗದ ಬಂತು. ಸಿಬ್ಬಂದಿ ತಮ್ಮ ಸಂಬಳದ ಬಗ್ಗೆ ಪರಸ್ಪರ ಚರ್ಚಿಸತಕ್ಕದ್ದಲ್ಲ ಎಂದು ಅದರಲ್ಲಿತ್ತು. ಚರ್ಚಿಸಬಹುದೆಂಬ ಯೋಚನೆಯೇ ಇಲ್ಲದಿದ್ದ ಕಣ್ಣಿನ ವಾರ್ಡು, ಹೆರಿಗೆ ವಾರ್ಡುಗಳಿಗೆಲ್ಲ ಆಗ ಆ ಯೋಚನೆ ಬಂತು. ಕಾಗದದ ಎಡಗಡೆ ಅಂಚು ಅಗಲವಾಗಿತ್ತು. ಅಲ್ಲಿ ಯಾರೋ ಪೆನ್ಸಿಲಿನಲ್ಲಿ ಒಂದು ಅಂಕಿ ಬರೆದರು, ಅದರ ಕೆಳಗೆ ಇನ್ನೊಬ್ಬರು. ಸಂಜೆಯ ಹೊತ್ತಿಗೆ ಅಂಚು ತುಂಬಿ, ಅಂಕಿಗಳು ಸಾಲುಗಳ ನಡುವೆ ಇಳಿದು, ಮ್ಯಾನೇಜರ ಸಹಿಯನ್ನು ಸುತ್ತುವರಿದಿದ್ದವು. ಕಾವಲುಗಾರ ಎಲ್ಲರಿಗಿಂತ ಮೇಲೆ, ಬೇರೆಯವರ ಕೈಗೆ ಎಟುಕದ ಎತ್ತರದಲ್ಲಿ, ತನ್ನದನ್ನು ಬರೆದಿದ್ದ. ಸೇರಿದ ದಿನ ಪ್ರತಿಯೊಬ್ಬರಿಗೂ ಕಿಟಕಿ ಮುಚ್ಚಿದ್ದರಂತೆ. ಇನ್ನೂರು ಎಂಬ ಅಂಕಿ ಎಲ್ಲರ ಚೀಟಿಯಲ್ಲೂ ಇದ್ದದ್ದು ಒಂದೇ ಕಡೆ, ಬಟ್ಟೆ ಒಗೆಯುವ ಕಡಿತದಲ್ಲಿ.

ಮೂರು ವಾರ ಎಳೆದಾಡಿದ ಮೇಲೆ ಆಸ್ಪತ್ರೆಯವರು ಸೇವೆಯ ವರ್ಷಕ್ಕೆ ತಕ್ಕಂತೆ ಸಂಬಳದ ಪಟ್ಟಿ ಮಾಡಿ, ಅದೇ ಬೋರ್ಡಿಗೆ ಹಾಕಿದರು. ಹಳೆಯ ವರ್ಷಗಳ ಬಾಕಿ ಏನೂ ಕೊಡಲಿಲ್ಲ. ಬ್ರದರಿಗೆ ಹದಿಮೂರು ಸಾವಿರದ ಐನೂರಾಯಿತು. ಇನ್ನೊಬ್ಬರ ಪಾಳಿ ಮಾಡುವುದನ್ನು ಅವನು ಬಿಟ್ಟ. ಬಿಡಿಸಿದವಳು ಕನ್ನಡಕದ ಸಿಸ್ಟರ್. ಭಾವಮೈದುನ ಮಾತ್ರ ಅಂಥ ಪ್ರತಿಭೆ ಆಸ್ಪತ್ರೆಯಲ್ಲಿ ಹಾಳಾಗುತ್ತಿದೆ ಎಂದು ಇಂದಿಗೂ ಕೊರಗುತ್ತಾನೆ. ಎಚ್ಚರವಾಗಿ, ಬೆನ್ನು ನೇರ ಮಾಡಿ ಊಟಕ್ಕೆ ಕೂತ ಅಪ್ಪನನ್ನು ನೋಡಿ ಮಗಳು ಮೊದಲ ದಿನ ಅಮ್ಮನ ಕಿವಿಯಲ್ಲಿ, ಅಪ್ಪನಿಗೆ ಹುಷಾರಿಲ್ವಾ ಎಂದು ಕೇಳಿದಳು.

ಮ್ಯಾನೇಜರ ಸಂಬಳ ಆ ಬೋರ್ಡಿನಲ್ಲಿ ಇರಲಿಲ್ಲ. ಅದು ಎಷ್ಟೆಂದು ಗೊತ್ತಿಲ್ಲ. ಅವರು ಸೇರಿದ ದಿನ ಯಾರಾದರೂ ಎದ್ದು ಕಿಟಕಿ ಮುಚ್ಚಿದ್ದರೋ, ಅದೂ ಗೊತ್ತಿಲ್ಲ. ಒಂದು ಮಧ್ಯಾಹ್ನ ಅವರು ತಾವಾಗಿಯೇ ಮೂಳೆ ವಾರ್ಡಿಗೆ ಬಂದು, ಉಬ್ಬಿ ಇಳಿಯುವ ಪರದೆಗಳ ಬಳಿ ಸ್ವಲ್ಪ ಹೊತ್ತು ನಿಂತಿದ್ದರಂತೆ. ಬ್ರದರ್ ಪಕ್ಕಕ್ಕೆ ಹೋಗಿ, ಈಗ ಬೇಜಾರಿಲ್ಲ ಸರ್, ಸುಮ್ಮನೆ ತಿಳಿದುಕೊಳ್ಳೋಣ ಅಂತ ಕೇಳ್ತೀನಿ, ಆ ಇನ್ನೂರು ನಿಜಕ್ಕೂ ಯಾರಿಗಿಂತ ಹೆಚ್ಚಿತ್ತು ಎಂದನಂತೆ. ಅವರು ತುಂಬ ಪ್ರಾಮಾಣಿಕವಾಗಿ ಯೋಚಿಸಿದರಂತೆ. ಹನ್ನೆರಡು ಹಾಸಿಗೆಗಳನ್ನೂ ಒಂದೊಂದಾಗಿ ನೋಡಿದರಂತೆ. ಆಮೇಲೆ, ಯಾರೋ ಒಬ್ಬರು ಇದ್ದರು ಅನ್ಸುತ್ತಪ್ಪ ಎಂದು ಹೊರಟುಹೋದರಂತೆ.

ಆ ಒಬ್ಬರು ಯಾರೆಂದು ಇನ್ನೂ ಗೊತ್ತಾಗಿಲ್ಲ.